ಮೂರು ಸಲ ‘ನನ್ನದಲ್ಲ’ ಎಂದವಳು

ಕಾರಾ-ಬುಲುನ್ ಹಳ್ಳಿ, ಅತ್-ಬಾಶಿ
೨೮ ಅಕ್ಟೋಬರ್ ೨೦೦೯

ಪ್ರೀತಿಯ ಎಸೆನ್ ಅಣ್ಣನಿಗೆ,

ಜಿಪಾರ್ ಎಂಬ ಹುಡುಗಿ ಮಾಡುವ ಸಲಾಮುಗಳು. ನೀನು ಕ್ಷೇಮವೇ? ಕುರಿ, ಕುದುರೆ, ದನ ಎಲ್ಲವೂ ಕ್ಷೇಮವೇ? ಅಲಾಯ್ ಕಡೆ ಹಿಮ ಇಳಿಯಿತೇ, ಇನ್ನೂ ಬೆಟ್ಟದ ಮೇಲೇ ಕೂತಿದೆಯೇ? ಅತ್ತು ಅತ್ತು ಒಡೆದುಹೋಗಿದ್ದ ನಿನ್ನ ಗಂಟಲು ಈಗ ಸರಿಹೋಯಿತೇ? ಕೊನೆಯ ಪ್ರಶ್ನೆ ಓದಿ, ಇವಳಿಗೆ ನನ್ನ ಗಂಟಲಿನ ಸಂಗತಿ ಹೇಗೆ ಗೊತ್ತು ಎಂದು ಹುಬ್ಬೇರಿಸುತ್ತೀಯೆ. ನಿನ್ನ ತಾಯಿಯ ಮಣ್ಣಿನ ದಿನ ನಾನು ನಿಮ್ಮ ಅಂಗಳದಲ್ಲಿದ್ದೆ. ಚಹಾ ಕಾಯಿಸುವ ಸಮೋವಾರಿನ ಪಕ್ಕದಲ್ಲಿ ಸೌದೆಗೆ ಎಡವಿ, ಕರಿದ ಹಿಟ್ಟಿನ ಬೊರ್ಸೊಕ್ ತುಂಬಿದ ತಟ್ಟೆಯ ಸಮೇತ ಬಿದ್ದಳಲ್ಲ, ಆ ಮಹಾಮಹಿಮಳೇ ಈ ಪತ್ರದ ಕರ್ತೃ. ಮೂರು ಬೊರ್ಸೊಕ್ ನಿಮ್ಮ ನಾಯಿಯ ಪಾಲಾದವು. ಮೃತರ ಹೆಸರಿನಲ್ಲಿ ಅದೂ ತಿಂದಿತು, ಪುಣ್ಯ ತಪ್ಪಲಿಲ್ಲ ಎಂದುಕೊಳ್ಳುತ್ತೇನೆ.

ಈಗ ಎರಡನೆಯ ಸಂಗತಿ. ಕೂತುಕೊಂಡು ಓದು. ನಾನು ನಿನ್ನ ತಂಗಿ. ಅಣ್ಣ ತಂಗಿ ಎಂದು ಎಲ್ಲರನ್ನೂ ಕರೆಯುವ ಹಾಗೆ ಕರೆದದ್ದಲ್ಲ. ನೀನು ಹುಟ್ಟಿದ ಹೊಟ್ಟೆಯಲ್ಲೇ ಐದು ವರ್ಷಗಳ ನಂತರ ನಾನು ಹುಟ್ಟಿದೆ. ಆ ಹೊಟ್ಟೆ ನೀನು ಮಣ್ಣು ಕೊಟ್ಟ ಉರ್ಕುಯಾ ಅಮ್ಮನದಲ್ಲ, ನನ್ನಮ್ಮ ಶಾಯಿರ್ಕುಲ್ ಎಂಬವಳದು. ಇದನ್ನು ನಿನಗೆ ತಿಳಿಸಲು ನಮ್ಮ ಹಳ್ಳಿಯಲ್ಲಿ ನನಗಿಂತ ಅಯೋಗ್ಯರು ಬೇರೆ ಯಾರೂ ಸಿಗುತ್ತಿರಲಿಲ್ಲ. ಮುಖ್ಯೋಪಾಧ್ಯಾಯರ ಕತ್ತೆಯನ್ನು ಏಳನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಸೇರಿಸಿ, ಅದಕ್ಕೆ ಒಂದು ತಿಂಗಳು ತಪ್ಪದೆ ಹಾಜರಿ ಹಾಕಿಸಿದ ಖ್ಯಾತಿ ನನ್ನದು. ನಾನು ಮಳೆ ಬರುತ್ತಿದೆ ಎಂದರೆ ಜನ ಮೊದಲು ಆಕಾಶ ನೋಡಿ ಆಮೇಲೆ ಬಟ್ಟೆ ತೆಗೆಯುತ್ತಾರೆ. ಅದಕ್ಕೇ ಹೇಳುತ್ತೇನೆ, ನನ್ನನ್ನು ನಂಬಬೇಡ. ಪತ್ರ ಪೂರ್ತಿ ಓದಿ, ಮಡಿಸಿ, ಕಾನಿಶಾಯ್ ಅತ್ತೆಯ ಮುಂದೆ ಇಡು. ಅವರ ಮುಖ ನೋಡು. ಅಷ್ಟು ಸಾಕು.

ನಿನಗಿಂತ ಮೊದಲು ಅಮ್ಮನಿಗೆ ಮೂರು ಮಕ್ಕಳಾಗಿದ್ದವು. ಒಂದೂ ನಲವತ್ತು ದಿನ ದಾಟಲಿಲ್ಲ. ನೀನು ಹುಟ್ಟಿದ್ದು ಬೇಸಿಗೆಯ ಹುಲ್ಲುಗಾವಲಿನಲ್ಲಿ, ನಮ್ಮ ಗುಡಾರದಲ್ಲಿ. ಇಂಥ ಮನೆಯಲ್ಲಿ ಮಗು ಹುಟ್ಟಿದರೆ ಏನು ಮಾಡುತ್ತಾರೆಂದು ನಿನಗೂ ಗೊತ್ತಿರುತ್ತದೆ. ಸಾವಿಗೆ ಆ ಮನೆಯ ಬಾಗಿಲು ಪರಿಚಯವಾಗಿರುತ್ತದೆ. ಹಾಗಾಗಿ ಮಗುವನ್ನು ಬಾಗಿಲಿನಿಂದ ಹೊರಗೆ ತರುವುದಿಲ್ಲ. ಗುಡಾರದ ಉಣ್ಣೆಗಂಬಳಿಯ ಅಂಚು ಎತ್ತಿ, ಕೆಳಗಿನಿಂದ ಹೊರಗೆ ತಳ್ಳಿ, ಮಕ್ಕಳೆಲ್ಲ ಉಳಿದಿರುವ ಒಬ್ಬ ಹೆಂಗಸಿನ ಕೈಗೆ ಕೊಡುತ್ತಾರೆ. ಹೆತ್ತವಳು ಎಲ್ಲರೂ ಕೇಳುವಂತೆ ಮೂರು ಸಲ ‘ನನ್ನದಲ್ಲ’ ಎನ್ನಬೇಕು. ಅಳಬಾರದು, ಇಣುಕಬಾರದು. ನಲವತ್ತನೆಯ ದಿನ ಒಂದು ರೊಟ್ಟಿ, ಒಂದು ಬಿಳಿ ವಸ್ತ್ರ ಕೊಟ್ಟು, ಬೇರೆಯವರ ಮಗುವನ್ನು ಕೊಂಡುಕೊಂಡಂತೆ ಕೊಂಡು ತರಬೇಕು. ಅಷ್ಟು ಹೊತ್ತಿಗೆ ಸಾವು ಹುಡುಕಿ ಹುಡುಕಿ ಬೇಸತ್ತು ಹೋಗಿರುತ್ತದೆ ಎಂದು ನಂಬಿಕೆ.

ಯಾರ ಕೈಗೆ ಕೊಡುವುದೆಂದು ನಮ್ಮ ಅಜ್ಜಿ ಬುಬುಶ್ ತೀರ್ಮಾನಿಸಿದಳು. ತೊರೆಯ ಆಚೆ ಹೊಸದಾಗಿ ಬಂದು ಇಳಿದಿದ್ದವರ ಗುಡಾರದ ಸುತ್ತ ಏಳೆಂಟು ಮಕ್ಕಳು ಸದಾ ಓಡಾಡುತ್ತಿದ್ದವು. ಅಲ್ಲಿದ್ದ ಉರ್ಕುಯಾಳ ಅಂಗಿಯ ಎದೆ ಹಾಲಿನಿಂದ ಒದ್ದೆಯಾಗಿತ್ತು. ಅಜ್ಜಿ ಅಷ್ಟನ್ನು ನೋಡಿದಳು. ಎಷ್ಟು ಮಕ್ಕಳಮ್ಮ ನಿನಗೆ ಎಂದು ಕೇಳಲಿಲ್ಲ. ಕೇಳುವುದು ಹೇಗೆ? ಬೇರೆಯವರ ಮಕ್ಕಳನ್ನು ಎಣಿಸಿದರೆ ದೃಷ್ಟಿ ತಾಗುತ್ತದೆ. ನಮ್ಮಲ್ಲಿ ಶತ್ರುವಿನ ಮಕ್ಕಳನ್ನೂ ಯಾರೂ ಎಣಿಸುವುದಿಲ್ಲ. ಇಡೀ ಬೆಟ್ಟದಲ್ಲಿ ಒಬ್ಬರಾದರೂ ಮರ್ಯಾದೆಗೆಟ್ಟು ಕೇಳಿದ್ದರೆ ತಿಳಿಯುತ್ತಿತ್ತು. ಆ ಮಕ್ಕಳೆಲ್ಲ ಉರ್ಕುಯಾಳ ನಾದಿನಿ, ನಿನ್ನ ಕಾನಿಶಾಯ್ ಅತ್ತೆಯವು. ಉರ್ಕುಯಾಳಿಗೆ ಜೀವಂತವಾಗಿ ಒಂದೂ ಇರಲಿಲ್ಲ. ಆ ಹಾಲು, ಆರು ದಿನದ ಹಿಂದೆ ದಾರಿಯಲ್ಲಿ ಹೂತು ಬಂದಿದ್ದ ಮಗುವಿನದು.

ನಮ್ಮಮ್ಮ ಮೂರು ಸಲವೂ ಗಟ್ಟಿಯಾಗಿಯೇ ಹೇಳಿದಳಂತೆ. ಮೂರನೆಯದನ್ನು ತೊರೆಯಾಚೆಯ ಕುರಿಗಳೂ ಕೇಳಿಸಿಕೊಂಡವು ಎಂದು ಅಜ್ಜಿ ಸಾಯುವವರೆಗೂ ಹೊಗಳುತ್ತಿದ್ದಳು. ಮೂವತ್ತೊಂಬತ್ತು ದಿನ ಅಮ್ಮ ತೊರೆಯ ಕಡೆಗೆ ಬೆನ್ನು ಹಾಕಿಯೇ ಬದುಕಿದಳು. ಎದೆಹಾಲನ್ನು ಹುಲ್ಲಿಗೆ ಹಿಂಡಿದಳು. ನಲವತ್ತನೆಯ ಬೆಳಗ್ಗೆ ರೊಟ್ಟಿ ಸುಟ್ಟು, ವಸ್ತ್ರ ಮಡಿಸಿಕೊಂಡು ತೊರೆ ದಾಟಿದಳು. ಗುಡಾರವಿದ್ದ ಜಾಗದಲ್ಲಿ ಹಳದಿ ಹುಲ್ಲಿನ ಒಂದು ದುಂಡನೆ ಗುರುತು ಮಾತ್ರ ಇತ್ತು. ಅಪ್ಪ ಕುದುರೆ ಹತ್ತಿ ಹೊರಟಿದ್ದ. ಅಮ್ಮನೇ ಲಗಾಮು ಹಿಡಿದು ನಿಲ್ಲಿಸಿದಳು. “ಹೋಗಬೇಡ ಮಾರಾಯ, ನನ್ನದಲ್ಲ ಅಂತ ಬಾಯಿ ಬಿಟ್ಟು ಹೇಳಿದೀನಿ. ಕೊಂಡು ತರೋ ಮುಂಚೆ ಹಿಂದೆ ಹೋದ್ರೆ ಅದಕ್ಕೆ ಗೊತ್ತಾಗಿಬಿಡುತ್ತೆ” ಎಂದಳಂತೆ. ‘ಅದಕ್ಕೆ’ ಎಂದರೆ ಸಾವಿಗೆ. ಪೊಲೀಸರಿಗೆ ಹೇಳೋಣವೆಂದರೆ ಅದು ಸೋವಿಯತ್ ಕಾಲ. ಕಂಬಳಿಯ ಕೆಳಗಿನಿಂದ ಮಗು ಮಾರಿದೆವು ಎಂದು ಯಾವ ಕಚೇರಿಯಲ್ಲಿ ಬಾಯಿಬಿಡುವುದು? ಕಾಗದದ ಮೇಲೆ ನೀನಿನ್ನೂ ಹುಟ್ಟಿರಲೂ ಇಲ್ಲ. ಹೀಗೆ, ಅಣ್ಣ, ನಿನ್ನನ್ನು ಬದುಕಿಸುವ ಸಲುವಾಗಿ ಇವರೆಲ್ಲ ಸೇರಿ ನಿನ್ನನ್ನು ಕಳೆದುಕೊಂಡರು.

ಆಮೇಲೆ ನಾನು ಹುಟ್ಟಿದೆ. ಆ ಹೊತ್ತಿಗೆ ಅಜ್ಜಿ ಹೋಗಿದ್ದಳು. ನನ್ನನ್ನು ಯಾರೂ ಕಂಬಳಿಯ ಕೆಳಗೆ ತಳ್ಳಲಿಲ್ಲ, ನನ್ನದಲ್ಲ ಎನ್ನಲಿಲ್ಲ. ಬಾಗಿಲಿನಿಂದಲೇ ರಾಜಠೀವಿಯಲ್ಲಿ ಹೊರಬಂದೆ. ನಲವತ್ತು ದಿನ ಕಳೆಯಿತು, ಎಂಬತ್ತು ಕಳೆಯಿತು, ನಾನು ಕಿರುಚಾಡಿಕೊಂಡು ಗುಂಡುಕಲ್ಲಿನ ಹಾಗೆ ಇದ್ದೆ. ಅಮ್ಮ ನನ್ನನ್ನು ನೋಡಿ ಸಂತೋಷಪಟ್ಟಳು ಎಂದುಕೊಳ್ಳಬೇಡ. “ಏನೂ ಮಾಡದೆ ಇದು ಉಳೀತು. ಹಂಗಾದ್ರೆ ನಾನು ಅವನನ್ನ ಯಾಕೆ ಕೊಟ್ಟೆ?” ಎಂದು ತೊಟ್ಟಿಲು ತೂಗುತ್ತಾ ಅಪ್ಪನನ್ನು ಕೇಳುತ್ತಿದ್ದಳಂತೆ. ಅಪ್ಪ ಅದಕ್ಕೆ ಉತ್ತರ ಹುಡುಕುತ್ತಲೇ ತೀರಿಕೊಂಡ.

ಅಲ್ಲಿಂದ ಹುಡುಕಾಟ ಶುರುವಾಯಿತು. ಹುಡುಕುತ್ತೇನೆ ಎಂದು ಅಮ್ಮ ಒಂದು ದಿನವೂ ಹೇಳಲಿಲ್ಲ. ಉಣ್ಣೆಯ ಹಾಸು ಮಾರಲು ಹೋಗುತ್ತೇನೆ ಎನ್ನುವಳು. ನಾರಿನ್, ಜಲಾಲಾಬಾದ್, ಉಜ್ಗೆನ್, ಓಶ್, ಒಂದು ಸಂತೆ ಬಿಟ್ಟವಳಲ್ಲ. ಹಾಸನ್ನು ಬಿಡಿಸಿ ತೋರಿಸುತ್ತಾ, ಎಡಗೈಯ ಹೆಬ್ಬೆರಳಿಲ್ಲದ ಉರ್ಕುಯಾ ಎಂಬ ಹೆಂಗಸನ್ನು ಬಲ್ಲಿರಾ ಎಂದು ಕೇಳುವಳು. ಸೋವಿಯತ್ ಹೋದ ಮೇಲೆ ಕಚೇರಿಗಳಲ್ಲೂ ಅದನ್ನೇ ವಿಚಾರಿಸುವಳು. ಹುಡುಗನ ಮಾತೇ ಇಲ್ಲ. ಸಿಕ್ಕಿದರೆ ಏನು ಮಾಡುತ್ತೀ ಎಂದು ಒಮ್ಮೆ ಕೇಳಿದ್ದಕ್ಕೆ, “ದೂರದಿಂದ ನೋಡಿ ಬರ್ತೀನಿ. ಉಸಿರಾಡ್ತಿದ್ರೆ ಸಾಕು” ಎಂದಳು. ನಂಬಿಕೆ ಅರ್ಧ ಮುರಿದಿತ್ತು, ಅರ್ಧ ಹಾಗೇ ಉಳಿದಿತ್ತು. ಮುರಿದರ್ಧ ಅವಳನ್ನು ಸಂತೆಯಿಂದ ಸಂತೆಗೆ ಓಡಿಸಿತು. ಉಳಿದರ್ಧ ಇವತ್ತಿಗೂ ಅವಳ ಬಾಯಿ ಕಟ್ಟಿದೆ.

ಈಗ ನನ್ನ ಪರಾಕ್ರಮಕ್ಕೆ ಬರುತ್ತೇನೆ. ನನಗೆ ಹನ್ನೆರಡು ವರ್ಷ. ಅಪ್ಪ ಇಲ್ಲ, ಅಮ್ಮ ವರ್ಷದಲ್ಲಿ ಐದಾರು ತಿಂಗಳು ದಾರಿಯ ಮೇಲೆ, ನಾನು ನೆರೆಯವರ ಒಲೆಯ ಮುಂದೆ. ಒಂದು ದಿನ ದೊಡ್ಡ ಆಲೂಗಡ್ಡೆಯೊಂದನ್ನು ಅಡ್ಡಡ್ಡ ಕತ್ತರಿಸಿ, ಚೂರಿಯಲ್ಲಿ ಕೊರೆದು, ಘನ ಸರ್ಕಾರದ ಮುದ್ರೆ ತಯಾರಿಸಿದೆ. ಶಾಲೆಯ ಬೆರಳಚ್ಚು ಯಂತ್ರದಲ್ಲಿ ಗಂಭೀರವಾಗಿ ಬಡಿದೆ: ತಾವು ವಿಚಾರಿಸುತ್ತಿರುವ ನಾಗರಿಕಳಾದ ಉರ್ಕುಯಾ ಎಂಬುವರು ಕುಟುಂಬ ಸಮೇತ ರಷ್ಯಾಕ್ಕೆ ತೆರಳಿರುತ್ತಾರೆ, ಎಲ್ಲರೂ ಆರೋಗ್ಯವಾಗಿರುತ್ತಾರೆ, ವಿಳಾಸ ಲಭ್ಯವಿರುವುದಿಲ್ಲ, ಇನ್ನು ಮುಂದೆ ವಿಚಾರಿಸುವ ಅಗತ್ಯವಿರುವುದಿಲ್ಲ. ಅಂಚೆಯವನ ಚೀಲದಲ್ಲಿ ತೂರಿಸಿದೆ. ಅಮ್ಮ ಬರುತ್ತಾಳೆ, ಓದುತ್ತಾಳೆ, ಕಿವಿ ಹಿಂಡುತ್ತಾಳೆ, ಇಬ್ಬರೂ ನಗುತ್ತೇವೆ, ಅಷ್ಟರಲ್ಲಿ ನಾಲ್ಕು ದಿನವಾದರೂ ಮನೆಯಲ್ಲಿರುತ್ತಾಳೆ ಎಂಬುದು ನನ್ನ ಲೆಕ್ಕಾಚಾರ. ಅಮ್ಮ ಓದಿದಳು. ಮತ್ತೊಮ್ಮೆ ಓದಿದಳು. ಹಾಸಿನ ಗಂಟನ್ನು ಬಿಚ್ಚಿ ಗೋಡೆಗೆ ಒರಗಿಸಿದಳು. ಕಿವಿ ಹಿಂಡಲಿಲ್ಲ. ಹೇಳಬೇಕಾಗಿದ್ದ ಆ ಗಳಿಗೆ ಕಳೆದುಹೋಯಿತು. ಮರುದಿನ ಹೇಳುವುದು ಇನ್ನೂ ಕಷ್ಟವಾಯಿತು. ತಿಂಗಳ ಮೇಲೆ ಸಾಧ್ಯವೇ ಆಗಲಿಲ್ಲ. ಆರು ವರ್ಷ ಅವಳು ಮನೆಯಲ್ಲೇ ಇದ್ದಳು. ನನಗೆ ಬೇಕಾಗಿದ್ದದ್ದು ಸಿಕ್ಕಿತು. ಆರಿದ ಒಲೆಯ ಮುಂದೆ ಕೈ ಕಾಯಿಸುತ್ತಾ ಬೆಳೆದೆ.

ಈ ತಿಂಗಳ ಹದಿನಾಲ್ಕರಂದು ನಮ್ಮ ಮನೆಯ ಮುಂದೆ ಒಂದು ವ್ಯಾನು ನಿಂತಿತು. ಇಂಜಿನ್ ಬಿಸಿಯಾಗಿ ನೀರು ಬೇಕಿತ್ತು. ಒಳಗೆ ನಿಮ್ಮ ಕುಲದ ಜನ, ನಾರಿನ್ ಕಡೆಯವರು, ಸಾವಿಗೆ ಹೊರಟವರು. ಇಂಥವರಿಗೆ ನೀರಿನ ಜೊತೆ ರೊಟ್ಟಿ ಕೊಡಬೇಕು, ಯಾರು ಹೋದರು ಎಂದು ಕೇಳಬೇಕು. ಅಮ್ಮ ಎರಡನ್ನೂ ಮಾಡಿದಳು. ಕಿಟಕಿಯಿಂದ ಒಬ್ಬ ಮುದುಕಿ, “ಅಲಾಯ್‌ನ ಉರ್ಕುಯಾ ಕಣಮ್ಮ. ಹೆಬ್ಬೆರಳಿರ್ಲಿಲ್ಲ ನೋಡು, ಅವಳು. ನಾಡಿದ್ದು ಮಣ್ಣು” ಎಂದಳು. ಅಮ್ಮ ಬಕೆಟ್ ಕೆಳಗಿಟ್ಟು, ಕಪ್ಪು ವಸ್ತ್ರ ತಲೆಗೆ ಕಟ್ಟಿ, ನನ್ನ ಕೈ ಹಿಡಿದು ವ್ಯಾನು ಹತ್ತಿದಳು. ಸಾವಿಗೆ ಬರುತ್ತೇನೆ ಎಂದವರನ್ನು ಯಾಕೆ ಎಂದು ಯಾರು ಕೇಳುತ್ತಾರೆ?

ಎರಡನೆಯ ಕಣಿವೆ ದಾಟಿದ ಮೇಲೆ ಅಮ್ಮ ಮೆಲ್ಲಗೆ, “ರಷ್ಯಾದಿಂದ ಯಾವಾಗ ಬಂದಿದ್ರು?” ಎಂದು ಕೇಳಿದಳು. ಮುದುಕಿಗೆ ನಗು ತಡೆಯಲಾಗಲಿಲ್ಲ. “ರಷ್ಯಾನಾ! ಅಯ್ಯೋ, ಅಲಾಯ್‌ಗೆ ಹೋದ ಮೇಲೆ ಅವಳು ಓಶ್ ಸಂತೆ ದಾಟಿದವಳಲ್ಲ. ಬಸ್ಸು ಹತ್ತಿದ್ರೆ ವಾಂತಿ.” ಅಮ್ಮ ನಿಧಾನವಾಗಿ ನನ್ನ ಕಡೆ ತಿರುಗಿದಳು. ನಾನು ಕಿಟಕಿಯಾಚೆಯ ಬೆಟ್ಟಗಳನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದೆ. ಒಂದು ಗಂಟೆಯಾದ ಮೇಲೆ ಕಿವಿಯ ಹತ್ತಿರ ಕೇಳಿತು: “ಮುದ್ರೆ ಯಾವುದ್ರಲ್ಲಿ ಮಾಡಿದ್ದೆ?” ಆಲೂಗಡ್ಡೆಯಲ್ಲಿ ಎಂದೆ. “ಚೆನ್ನಾಗಿ ಬಂದಿತ್ತು” ಎಂದಳು. ಆಮೇಲೆ ತನ್ನ ಶಾಲಿನ ಅರ್ಧವನ್ನು ನನ್ನ ಭುಜಕ್ಕೆ ಹೊದಿಸಿದಳು, ವ್ಯಾನಿನಲ್ಲಿ ಚಳಿಯಿತ್ತು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ ಅಣ್ಣ. ಆ ಶಾಲು ಇನ್ನೂ ಭಾರವಾಗಿದೆ.

ನಿಮ್ಮ ಮನೆ ಕಾಣುವ ಮೊದಲೇ ನಿನ್ನ ದನಿ ಕೇಳಿತು. ಹೊರಗೆ ಹಾಕಿದ್ದ ಗುಡಾರದ ಮುಂದೆ, ಸೊಂಟಕ್ಕೆ ಬಟ್ಟೆ ಬಿಗಿದು, ಕೋಲಿನ ಮೇಲೆ ಬಾಗಿ, ಬಂದವರಿಗೆಲ್ಲ ಕೇಳುವಂತೆ ನೀನು ಅಳುತ್ತಿದ್ದೆ: “ಅಮ್ಮಾ, ನನ್ನ ಹೆತ್ತಮ್ಮಾ, ನನ್ನನ್ನ ಯಾರ ಕೈಗೆ ಕೊಟ್ಟು ಹೋದೆ!” ಹಾಗೆ ಅಳುವುದು ಪದ್ಧತಿ, ನಿನ್ನ ತಪ್ಪಿಲ್ಲ. ಅಮ್ಮ ವ್ಯಾನಿನ ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟವಳು ಹಾಗೇ ನಿಂತಳು. ಹಿಂದಿನವರು “ಇಳೀರಮ್ಮ, ದಾರಿ ಬಿಡಿ” ಎಂದರು. ಇಳಿದಳು. ಇಪ್ಪತ್ಮೂರು ವರ್ಷದ ಮೇಲೆ ನಿನ್ನ ಪಕ್ಕದಲ್ಲೇ ಹಾದು ಒಳಗೆ ಹೋದಳು. ನೀನು ಅವಳ ಮೊಣಕೈ ಹಿಡಿದು ಹೊಸ್ತಿಲು ದಾಟಿಸಿದೆ. “ಯಾರ ಕಡೆಯವರು ದೊಡ್ಡಮ್ಮ?” ಎಂದು ಕೇಳಿದೆ. “ನೆರೆಯವಳಪ್ಪ. ಒಂದು ಬೇಸಿಗೆ ನೆರೆಯಲ್ಲಿದ್ದೆ” ಎಂದಳು.

ಒಳಗೆ ಹೆಂಗಸರು ಗೋಡೆಗೆ ಮುಖ ಮಾಡಿ ಹಾಡಿಕೊಂಡು ಅಳುತ್ತಿದ್ದರು. ಅಮ್ಮನೂ ಕೂತಳು. ಅವಳ ಬಾಯಿಂದ ಅಂಥ ಹಾಡು ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಹೂತ ಮೂರು ಕೂಸುಗಳನ್ನೂ ಹುಲ್ಲಿಗೆ ಹಿಂಡಿದ ಹಾಲನ್ನೂ ಹಾಡಿದಳು. ಯಾರ ಹೆಸರೂ ಹೇಳಲಿಲ್ಲ. ಎಲ್ಲರೂ ಅದು ಉರ್ಕುಯಾಳ ಕತೆಯೆಂದೇ ತಿಳಿದರು. ತಪ್ಪೂ ಅಲ್ಲ, ಅದು ಅವಳ ಕತೆಯೂ ಹೌದು. “ಎಂಥಾ ನೆರೆಯವಳಮ್ಮಾ, ಒಡಹುಟ್ಟಿದವರೂ ಹೀಗೆ ಅಳಲ್ಲ” ಎಂದು ಮೆಚ್ಚಿ, ಸಾವಿನ ಮನೆಯಲ್ಲಿ ಹಂಚುವ ಬಟ್ಟೆಯ ತುಂಡುಗಳಲ್ಲಿ ದೊಡ್ಡದನ್ನು ಅವಳಿಗೇ ಕೊಟ್ಟರು.

ನಮಾಜಿಗೆ ಮುಂಚೆ ಮುಲ್ಲಾ ಹೊರಗೆ ನಿಂತು ಕೇಳಿದರಲ್ಲ: ಈ ಹೆಂಗಸಿನಿಂದ ಯಾರಿಗಾದರೂ ಅನ್ಯಾಯವಾಗಿದ್ದರೆ, ಯಾರದಾದರೂ ಏನಾದರೂ ಇವಳ ಹತ್ತಿರ ಉಳಿದಿದ್ದರೆ ಈಗ ಹೇಳಿ, ಇಲ್ಲವಾದರೆ ಮನಸಾರೆ ಬಿಟ್ಟುಕೊಡಿ. ಗಂಡಸರೆಲ್ಲ “ಬಿಟ್ಟುಕೊಟ್ಟಿದ್ದೇವೆ” ಎಂದರು. ನಾನು ಬಾಯಿ ತೆರೆದೆ. ತೆರೆದದ್ದು ನಿಜ, ಮುಚ್ಚಿಡುವುದಿಲ್ಲ. ಅಮ್ಮನ ಉಗುರು ನನ್ನ ಮಣಿಕಟ್ಟಿಗೆ ಇಳಿಯಿತು. ಗುಡಾರದ ಒಳಗಿನಿಂದ ಒಂದು ಹೆಣ್ಣುದನಿ ತಡವಾಗಿ “ನಾನೂ ಬಿಟ್ಟುಕೊಟ್ಟೆ” ಎಂದಿತು. ಗಂಡಸರು ತಿರುಗಿ ನೋಡಿದರು. ನೀನೂ ನೋಡಿದೆ. ನಿನಗೆ ನೆನಪಿರಬಹುದು.

ಕಾನಿಶಾಯ್ ಅತ್ತೆ ಆ ದನಿಯನ್ನು ಗುರುತಿಸಿದರು. ತೊರೆಯಾಚೆಯಿಂದ ಮೂರು ಸಲ ಕೇಳಿದ್ದರಲ್ಲ. ಮಣ್ಣಾದ ಮೇಲೆ ಅಮ್ಮನನ್ನು ಹಟ್ಟಿಯ ಹಿಂದೆ ಕರೆದೊಯ್ದು ಕಾಲು ಹಿಡಿಯಲು ಬಂದರು. ಅಮ್ಮ ಬಿಡಲಿಲ್ಲ. ಅತ್ತೆ ಹೇಳಿದ್ದಿಷ್ಟು: ಉರ್ಕುಯಾಗೆ ಕೊಟ್ಟುಬಿಡಬೇಕೆಂದೇ ಇತ್ತು. ಮೂವತ್ತೊಂಬತ್ತನೆಯ ಬೆಳಗ್ಗೆ ಮಗು ಅವಳನ್ನು ನೋಡಿ ನಕ್ಕಿತು. ಗಂಡನಿಗೆ ಗುಡಾರ ಬಿಚ್ಚು ಎಂದಳು. “ಆವತ್ತಿಂದ ನಾಯಿ ಬೊಗಳಿದ್ರೆ ಎದ್ದು ನಿಲ್ತಿದ್ಳು, ತಾಯಿ. ಬಂದ್ಲು ಅನ್ನೋಳು. ನೀನು ಬಂದು ಕೇಳಿದ್ರೆ ಕೊಡ್ತಿದ್ಳು. ಈ ಐದಾರು ವರ್ಷದಿಂದ ಕಾಯಿಲೆ ಮಲಗಿ, ಇನ್ನೂ ಯಾಕೆ ಬರ್ಲಿಲ್ಲ ಅಂತ ಅವಳೇ ಕೇಳೋಕೆ ಶುರು ಮಾಡಿದ್ಳು.” ಐದಾರು ವರ್ಷ. ಅಮ್ಮ ನನ್ನ ಕಡೆ ನೋಡದಿರಲು ಬಹಳ ಕಷ್ಟಪಟ್ಟಳು. ಅವನಿಗೆ ಹೇಳಲೇ ಎಂದು ಅತ್ತೆ ಕೇಳಿದರು. ಬೇಡ ಎಂದಳು.

ವಾಪಸು ಬರುವಾಗ ನಾನು ಜಗಳ ತೆಗೆದೆ. ಹೇಗೆ ಬಿಟ್ಟುಕೊಟ್ಟೆ, ಯಾವ ಬಾಯಲ್ಲಿ ಬಿಟ್ಟುಕೊಟ್ಟೆ ಎಂದೆ. ಅಮ್ಮ, “ನಲವತ್ತು ದಿನ ಬದುಕಿಸಿ ಕೊಡು ಅಂತ ಕೇಳಿದ್ವಿ. ಅವಳು ಇಪ್ಪತ್ಮೂರು ವರ್ಷ ಬದುಕಿಸಿದ್ಳು. ಏನಂತ ದೂರು ಹೇಳ್ಲಿ?” ಎಂದಳು. ಆಮೇಲೆ, “ಅವನು ಒಬ್ಬಳು ತಾಯಿಗೆ ಮಣ್ಣು ಕೊಟ್ಟಿದಾನೆ. ಇನ್ನೊಬ್ಬಳನ್ನ ಯಾಕೆ ತಲೆಗೆ ಕಟ್ಲಿ” ಎಂದಳು. ಮನೆಗೆ ಬಂದ ಮೇಲೆ ಸರಿಯಾಗಿ ತಿನ್ನುತ್ತಿಲ್ಲ. ಹಿಂದೆ ಹುಡುಕುವ ಕೆಲಸವಿತ್ತು, ಆಮೇಲೆ ರಷ್ಯಾದ ಕಡೆ ಮುಖ ಮಾಡಿ ಕೂರುವ ಕೆಲಸವಿತ್ತು. ಈಗ ಏನೂ ಇಲ್ಲ. ಬೆಳಗ್ಗೆ ಎದ್ದು ತಲೆಗೆ ವಸ್ತ್ರ ಕಟ್ಟಿ, ಎಲ್ಲಿಗೋ ಹೊರಡುವವಳ ಹಾಗೆ ಬಾಗಿಲವರೆಗೆ ಬಂದು, ನಿಂತುಬಿಡುತ್ತಾಳೆ.

ಅವಳಿಗೆ ತಿಳಿಯದಂತೆ ಇದನ್ನು ಬರೆಯುತ್ತಿದ್ದೇನೆ. ನನ್ನದಲ್ಲ ಎಂದವಳು ಅವಳು. ನಾನು ಹಾಗೆಂದು ಎಲ್ಲೂ ಹೇಳಿಲ್ಲ, ಆಗ ಹುಟ್ಟೇ ಇರಲಿಲ್ಲ. ಸಾವಿಗೆ ತಕರಾರಿದ್ದರೆ ನನ್ನ ಜೊತೆ ಬಂದು ವಾದ ಮಾಡಲಿ. ಒಂದೇ ಒಂದು ಬೇಡಿಕೆ: ಅಮ್ಮನನ್ನು ಮಾತ್ರ ನೇರವಾಗಿ ಕೇಳಬೇಡ. ಕೇಳಿದರೆ ಮತ್ತೆ ಮೂರು ಸಲ ಅದನ್ನೇ ಹೇಳುತ್ತಾಳೆ, ನೀನು ಬದುಕಿರಲಿ ಎಂದು. ಮೂರನೆಯದು ಹೇಳುವಷ್ಟು ಉಸಿರು ಅವಳಲ್ಲಿ ಉಳಿದಂತಿಲ್ಲ. ಆರು ವರ್ಷಗಳ ಬಗ್ಗೆ ನಿನ್ನ ಕ್ಷಮೆ ಕೇಳುತ್ತೇನೆ. ಉರ್ಕುಯಾ ಅಮ್ಮನ ಬಾಯಿಂದಲೇ ನೀನು ಕೇಳಬೇಕಾಗಿದ್ದದ್ದನ್ನು ಒಂದು ಆಲೂಗಡ್ಡೆ ತಿಂದುಹಾಕಿತು. ಕೊಡದಿದ್ದರೂ ಸರಿ, ಅಮ್ಮನಿಂದ ಒಮ್ಮೆ ಕ್ಷಮೆ ಪಡೆದು ನೋಡಿದ್ದೇನೆ, ಅದೂ ಸುಲಭವೇನಲ್ಲ.

ಅತ್ತೆಗೆ ನಮಸ್ಕಾರ ತಿಳಿಸು. ನಾಯಿಗೆ ನನ್ನ ನೆನಪು ಹೇಳು. ದೇವರು ನಿನ್ನ ಹಟ್ಟಿ ತುಂಬಿರಲಿ, ಹಾದಿ ತೆರೆದಿರಲಿ.

ಇಂತಿ, ನೀನು ಒಪ್ಪಿದರೂ ಬಿಟ್ಟರೂ,
ನಿನ್ನ ತಂಗಿ
ಜಿಪಾರ್

ಮರೆತಿದ್ದೆ, ಈ ಪತ್ರ ಒಯ್ಯುವ ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದಾನೆ: ಮುಂದಿನ ತಿಂಗಳು ನಿಮ್ಮಲ್ಲಿ ನಲವತ್ತನೆಯ ದಿನದ ಊಟಕ್ಕೆ ಅಮ್ಮ ಬರುತ್ತಾಳೆ. ಬಟ್ಟೆಯ ತುಂಡು ತೆಗೆದುಕೊಂಡ ಮೇಲೆ ಹೋಗದಿರುವುದು ಮರ್ಯಾದೆಯಲ್ಲ ಎಂದು ನೆಪ ಹುಡುಕಿದ್ದಾಳೆ. ಹೆಂಗಸರ ಸಾಲಿನಲ್ಲಿ ಬಾಗಿಲ ಹತ್ತಿರವೇ ಕೂರುತ್ತಾಳೆ, ನೆರೆಯವಳಲ್ಲವೇ. ಊಟಕ್ಕೆ ಮುಂಚೆ ಎಲ್ಲರ ಕೈಗೆ ನೀರು ಹಾಕುವಾಗ ಆ ಹೂಜಿಯನ್ನು ಬೇರೆ ಯಾರಿಗೂ ಕೊಡಬೇಡ, ನೀನೇ ಹಿಡಿ. ಏನೂ ಮಾತಾಡಬೇಡ. ಅವಳ ಕೈಗೆ ಬಂದಾಗ ಸ್ವಲ್ಪ ನಿಧಾನವಾಗಿ ಸುರಿ.